ಬೇಸಿಗೆ ಶಿಬಿರ: ಪ್ರತಿಭೆಯ ಮಾತು, ಪಾಲನೆಯ ಪ್ರಶ್ನೆ

ಮಾರ್ಚ್ ತಿಂಗಳು ಮುಗಿಯುತ್ತಿದ್ದಂತೆ ಬೆಂಗಳೂರಿನ ಬಡಾವಣೆಗಳ ವಿದ್ಯುತ್ ಕಂಬಗಳ ಮೇಲೆ, ವಸತಿ ಸಮುಚ್ಚಯಗಳ ಸೂಚನಾ ಫಲಕಗಳಲ್ಲಿ, ದಿನಪತ್ರಿಕೆಗಳ ಮಡಿಕೆಯೊಳಗೆ ಒಂದೇ ಬಗೆಯ ಕರಪತ್ರಗಳು ಕಾಣಿಸಿಕೊಳ್ಳತೊಡಗುತ್ತವೆ. ರೊಬೊಟಿಕ್ಸ್, ಕೋಡಿಂಗ್, ಅಬಾಕಸ್, ವೇದಗಣಿತ, ಕರಾಟೆ, ಈಜು, ರಂಗಕಲೆ, ಜೇಡಿಮಣ್ಣಿನ ಗೊಂಬೆ ಮತ್ತು ಇವೆಲ್ಲವನ್ನೂ ಒಳಗೊಳ್ಳುವ ‘ವ್ಯಕ್ತಿತ್ವ ವಿಕಸನ’. ಎರಡು ವಾರಗಳ ಶಿಬಿರಕ್ಕೆ 3,000 ರೂಪಾಯಿಯಿಂದ ಹಿಡಿದು 20,000 ರೂಪಾಯಿ ಮೀರಿದ ಶುಲ್ಕವನ್ನೂ ಇಂಥ ಕರಪತ್ರಗಳಲ್ಲಿ ಕಂಡಿದ್ದೇನೆ.

ಈ ಕರಪತ್ರಗಳೆಲ್ಲ ಮಗುವಿನ ಪ್ರತಿಭೆಯ ಬಗ್ಗೆ ಮಾತನಾಡುತ್ತವೆ. ಆದರೆ ಅವನ್ನು ಕೈಯಲ್ಲಿ ಹಿಡಿದು ನಿಂತ ಅನೇಕ ತಂದೆ-ತಾಯಂದಿರ ಮನಸ್ಸಿನಲ್ಲಿರುವ ಪ್ರಶ್ನೆ ಬೇರೆ. ನಾವಿಬ್ಬರೂ ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುವವರು ಯಾರು? ಬೇಸಿಗೆ ಶಿಬಿರವೆಂಬುದು ನಮ್ಮ ನಗರಗಳಲ್ಲಿ ಮುಖ್ಯವಾಗಿ ಮಕ್ಕಳ ಪಾಲನೆಯ ವ್ಯವಸ್ಥೆಯೇ ಹೊರತು ಪ್ರತಿಭಾ ಪೋಷಣೆಯ ವ್ಯವಸ್ಥೆಯಲ್ಲ ಎಂಬುದು ನನ್ನ ಅಭಿಪ್ರಾಯ. ಇದನ್ನು ಬಾಯಿಬಿಟ್ಟು ಹೇಳಲು ಪೋಷಕರಿಗೆ ಸಂಕೋಚ; ಮಾರುವವರಿಗೆ ಲಾಭವಿಲ್ಲ; ಸರ್ಕಾರಕ್ಕೆ ಆಸಕ್ತಿಯಿಲ್ಲ. ಈ ಮೂರರ ನಡುವೆ ಮಕ್ಕಳ ಸುರಕ್ಷತೆಯ ಪ್ರಶ್ನೆ ಯಾರಿಗೂ ಸೇರದ ಕಡತದಂತೆ ಬಿದ್ದುಕೊಂಡಿದೆ.

‘ನಮ್ಮ ಕಾಲದಲ್ಲಿ ಶಿಬಿರಗಳಿದ್ದವೇ? ಅಜ್ಜನ ಮನೆಗೆ ಹೋಗುತ್ತಿದ್ದೆವು’ ಎಂದು ನನ್ನ ವಯಸ್ಸಿನವರು ಹೇಳುವುದುಂಟು. ನಿಜ. ಆದರೆ ಆ ಅಜ್ಜನ ಮನೆಯಲ್ಲಿ ಏಳೆಂಟು ಮೊಮ್ಮಕ್ಕಳಿಗೆ ಎರಡು ತಿಂಗಳು ಬೇಯಿಸಿ ಬಡಿಸಿ, ಸ್ನಾನ ಮಾಡಿಸಿ, ಜ್ವರ ಬಂದಾಗ ಎದ್ದು ಕುಳಿತವರು ಅಜ್ಜಿ, ಅತ್ತೆ, ಚಿಕ್ಕಮ್ಮಂದಿರು. ಆ ದುಡಿಮೆಗೆ ಕೂಲಿಯಿರಲಿಲ್ಲ. ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ಅದಕ್ಕೆ ಜಾಗವೂ ಇರಲಿಲ್ಲ. ಪಾಲನೆಯ ವೆಚ್ಚ ಆಗಲೂ ಇತ್ತು. ಅದನ್ನು ಹೆಣ್ಣುಮಕ್ಕಳು ಸದ್ದಿಲ್ಲದೆ ಭರಿಸುತ್ತಿದ್ದರು, ಅಷ್ಟೇ. ಇಂದು ಆ ಚಿಕ್ಕಮ್ಮ ತಾನೇ ಬ್ಯಾಂಕಿನಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ದುಡಿಯುತ್ತಿದ್ದಾಳೆ. ಊರಿನ ಮನೆಗೆ ಬೀಗ ಬಿದ್ದಿದೆ, ಇಲ್ಲವೇ ಅಲ್ಲಿರುವ ವೃದ್ಧರಿಗೇ ನೋಡಿಕೊಳ್ಳುವವರು ಬೇಕಾಗಿದ್ದಾರೆ. ಹಾಗಾಗಿ ಹಳೆಯ ವೆಚ್ಚ ಈಗ ರಸೀದಿಯ ರೂಪದಲ್ಲಿ ಕಣ್ಣಿಗೆ ಬೀಳುತ್ತಿದೆ.

ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ, ಅಂದರೆ ಸುಮಾರು ಏಳು ವಾರ ರಜೆ. ಖಾಸಗಿ ನೌಕರಿಯಲ್ಲಿರುವ ತಂದೆಗಾಗಲೀ ತಾಯಿಗಾಗಲೀ ಒಟ್ಟಿಗೆ ಏಳು ವಾರ ರಜೆ ಸಿಗುವುದು ಕನಸಿನ ಮಾತು. ಕಾನೂನು ಈ ಅಂತರವನ್ನು ತುಂಬುವುದಿಲ್ಲ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಸೌಲಭ್ಯ ಒದಗಿಸಬೇಕೆಂದು 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತರಲಾಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಹೊಣೆಯನ್ನು ಉಳಿಸಿಕೊಂಡಿದೆ. ಆದರೆ ಅದು ಆರು ವರ್ಷದೊಳಗಿನ ಮಕ್ಕಳಿಗೆ ಮಾತ್ರ. ಏಳು ವರ್ಷದ ಮಗು ತನ್ನನ್ನು ತಾನೇ ನೋಡಿಕೊಳ್ಳುತ್ತದೆಂದು ಕಾನೂನು ಭಾವಿಸಿದಂತಿದೆ!

ನನ್ನ ಪರಿಚಿತ ಕುಟುಂಬಗಳ ಅನುಭವಗಳನ್ನು ಕೇಳಿದರೆ ಸಮಸ್ಯೆಯ ಸ್ವರೂಪ ಸ್ಪಷ್ಟವಾಗುತ್ತದೆ. ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವ ದಂಪತಿಗಳು ಎಂಟು ವರ್ಷದ ಮಗಳನ್ನು ಶಿಬಿರವೊಂದಕ್ಕೆ ಸೇರಿಸಿದರು. ಶಿಬಿರ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ. ಅವರ ಕಚೇರಿ ಸಂಜೆ ಆರರವರೆಗೆ. ಮಧ್ಯಾಹ್ನಕ್ಕೆ ಇನ್ನೊಂದು ಶಿಬಿರ, ಎರಡರ ನಡುವೆ ವ್ಯಾನು, ವ್ಯಾನಿನಲ್ಲಿ ಯಾರಿರುತ್ತಾರೆಂಬ ಆತಂಕ. ಕೊನೆಗೆ ಮೂರು ವಾರ ಸಂಬಳವಿಲ್ಲದ ರಜೆ ಹಾಕಿದ್ದು ತಾಯಿ. ಇನ್ನೊಬ್ಬರ ಮಗ ಸೇರಿದ್ದ ಶಿಬಿರದಲ್ಲಿ ನಲವತ್ತು ಮಕ್ಕಳಿಗೆ ಒಬ್ಬಳೇ ತರಬೇತುದಾರಳು. ಆಕೆಯೂ ಕಾಲೇಜು ಪರೀಕ್ಷೆ ಮುಗಿಸಿ ರಜೆಯ ಸಂಪಾದನೆಗೆ ಬಂದ ಹುಡುಗಿ. ಮತ್ತೊಂದು ಮಗುವಿಗೆ ಮೂರನೆಯ ದಿನವೇ ಜ್ವರ ಬಂತು. ಕಟ್ಟಿದ ಹಣದಲ್ಲಿ ಒಂದು ರೂಪಾಯಿಯೂ ಹಿಂದೆ ಬರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆಯೆಂಬುದು ನಿಜ. ಆದರೆ ಐದಾರು ಸಾವಿರ ರೂಪಾಯಿಗಾಗಿ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತುವಷ್ಟು ಪುರುಸೊತ್ತು ಯಾರಿಗಿದೆ?

ಕೊಳ್ಳುವವನಿಗಿಂತ ಮಾರುವವನಿಗೆ ಸರಕಿನ ಗುಣ ಹೆಚ್ಚು ತಿಳಿದಿರುವ ಮಾರುಕಟ್ಟೆ ಹೇಗೆ ಕೆಡುತ್ತದೆಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆ ಕೊಟ್ಟು ವಿವರಿಸಿದರು. 2001ರ ನೊಬೆಲ್ ಪ್ರಶಸ್ತಿಯನ್ನು ಅವರು ಇನ್ನಿಬ್ಬರೊಂದಿಗೆ ಹಂಚಿಕೊಂಡಿದ್ದು ಇಂಥ ಮಾರುಕಟ್ಟೆಗಳ ವಿಶ್ಲೇಷಣೆಗಾಗಿಯೇ. ಬೇಸಿಗೆ ಶಿಬಿರದ ಮಾರುಕಟ್ಟೆ ಹಳೆಯ ಕಾರಿನ ಮಾರುಕಟ್ಟೆಗಿಂತಲೂ ಕಷ್ಟದ್ದು. ಕಾರನ್ನು ಓಡಿಸಿಯಾದರೂ ನೋಡಬಹುದು. ಇಲ್ಲಿ ಹಣ ಕೊಡುವವರು ತಂದೆ-ತಾಯಿ, ಸೇವೆ ಪಡೆಯುವುದು ಮಗು; ಅಲ್ಲಿ ಏನು ನಡೆಯಿತೆಂದು ಪೂರ್ತಿಯಾಗಿ ಹೇಳಲು ಆರು ವರ್ಷದ ಮಗುವಿಗೆ ಬಾರದು. ಚೆನ್ನಾಗಿಲ್ಲವೆಂದು ತಿಳಿಯುವ ವೇಳೆಗೆ ಶಿಬಿರವೇ ಮುಗಿದಿರುತ್ತದೆ. ಮುಂದಿನ ವರ್ಷ ಅದೇ ಸಂಘಟಕ ಬೇರೆ ಹೆಸರಿನಲ್ಲಿ ಬೇರೆ ಬಡಾವಣೆಯಲ್ಲಿ ಫಲಕ ತೂಗುಹಾಕಬಹುದು. ಇಂಥಲ್ಲಿ ಪೋಷಕರು ಕಣ್ಣಿಗೆ ಕಾಣುವ ಗುರುತುಗಳನ್ನು ನಂಬುತ್ತಾರೆ: ಹೆಚ್ಚಿನ ಶುಲ್ಕ, ಇಂಗ್ಲಿಷ್ ಹೆಸರು, ಹೊಳೆಯುವ ಪ್ರಮಾಣಪತ್ರ. ಶೌಚಾಲಯದ ಬಾಗಿಲಿಗೆ ಚಿಲಕವಿದೆಯೇ ಎಂಬುದು ಕರಪತ್ರದಲ್ಲಿ ಇರುವುದಿಲ್ಲ.

ನಿಯಂತ್ರಣದ ವಿಷಯಕ್ಕೆ ಬಂದರೆ ಶೂನ್ಯವೇ ಎದುರಾಗುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗಾಗಿ ಮಾರ್ಗಸೂಚಿ ಪ್ರಕಟಿಸಿತು. ಆದರೆ ಅದರ ವ್ಯಾಖ್ಯೆಯಿಂದ ಕ್ರೀಡೆ, ನೃತ್ಯ, ರಂಗಭೂಮಿ ಮತ್ತಿತರ ಸೃಜನಶೀಲ ಚಟುವಟಿಕೆಗಳನ್ನು ಹೊರಗಿಡಲಾಗಿದೆ. ಬೇಸಿಗೆ ಶಿಬಿರಗಳಲ್ಲಿ ನಡೆಯುವುದು ಬಹುಪಾಲು ಇವೇ. ಹೀಗೆ ಶಿಬಿರವು ಶಾಲೆಯೂ ಅಲ್ಲ, ಕೋಚಿಂಗ್ ಕೇಂದ್ರವೂ ಅಲ್ಲ, ಶಿಶುಪಾಲನಾ ಕೇಂದ್ರವೂ ಅಲ್ಲ.

ಆದರೂ ಪೋಷಕರ ಕೈಯಲ್ಲಿ ಒಂದು ಅಸ್ತ್ರವಿದೆ. ಅದರ ಅರಿವು ಕೆಲವರಿಗಷ್ಟೇ ಇದೆ. 2012ರ ಪೋಕ್ಸೋ ಕಾಯ್ದೆಯಡಿ ರೂಪಿಸಲಾದ 2020ರ ನಿಯಮಗಳ ಪ್ರಕಾರ, ಮಕ್ಕಳೊಂದಿಗೆ ನಿಯಮಿತ ಸಂಪರ್ಕವಿರುವ ಸಂಸ್ಥೆಗಳು, ಶಾಲೆ, ಶಿಶುಪಾಲನಾ ಕೇಂದ್ರ, ಕ್ರೀಡಾ ಅಕಾಡೆಮಿ ಮಾತ್ರವಲ್ಲದೆ ಮಕ್ಕಳಿಗಾಗಿರುವ ಇತರ ಯಾವುದೇ ವ್ಯವಸ್ಥೆ ಕೂಡ, ತಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮತ್ತು ಪೂರ್ವಾಪರ ತಪಾಸಣೆ ಮಾಡಿಸಬೇಕು. ಶಿಬಿರದ ಸಂಘಟಕರನ್ನು ‘ನಿಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಆಗಿದೆಯೇ? ದಾಖಲೆ ತೋರಿಸಿ’ ಎಂದು ಕೇಳಲು ಪೋಷಕರು ಹಿಂಜರಿಯಬೇಕಾಗಿಲ್ಲ. ಒಬ್ಬ ವಯಸ್ಕರ ಪಾಲಿಗೆ ಎಷ್ಟು ಮಕ್ಕಳು, ಮಗುವನ್ನು ಯಾರ ಕೈಗೆ ಒಪ್ಪಿಸಲಾಗುತ್ತದೆ, ಗಾಯವಾದರೆ ಏನು ವ್ಯವಸ್ಥೆ ಎಂಬ ಪ್ರಶ್ನೆಗಳು ರೊಬೊಟಿಕ್ಸಿಗಿಂತ ಮೊದಲು ಬರಬೇಕು.

ಇದುವರೆಗೆ ಹೇಳಿದ್ದು ಹಣ ಕೊಡಬಲ್ಲವರ ಕಷ್ಟ. ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವ, ನೆಲ ಒರೆಸುವ ಹೆಣ್ಣುಮಕ್ಕಳಿಗೂ ಏಪ್ರಿಲ್ ಬರುತ್ತದೆ. ಅವರ ಮಕ್ಕಳ ಸರ್ಕಾರಿ ಶಾಲೆಗೂ ಅದೇ ಏಳು ವಾರ ಬೀಗ. ನನಗೆ ತಿಳಿದ ಒಬ್ಬಾಕೆ ಒಂಬತ್ತು ವರ್ಷದ ಮಗನನ್ನು ಒಂದೇ ಕೋಣೆಯ ಮನೆಯಲ್ಲಿ ಬಿಟ್ಟು, ಹೊರಗಿನಿಂದ ಬೀಗ ಹಾಕಿ, ಕೈಗೊಂದು ಮೊಬೈಲ್ ಕೊಟ್ಟು ಕೆಲಸಕ್ಕೆ ಬರುತ್ತಾಳೆ. ಬೆಂಕಿ ಬಿದ್ದರೆ? ಆ ತಾಯಿಗೆ ಈ ಯೋಚನೆ ಬಂದಿಲ್ಲವೆಂದು ತಿಳಿಯಬೇಡಿ. ಆಕೆಯ ಮುಂದಿರುವುದು ಶಿಬಿರಗಳ ಆಯ್ಕೆಯಲ್ಲ. ಬೀಗ ಅಥವಾ ಬೀದಿ.

ಇದಕ್ಕೆ ಪರಿಹಾರ ನಮ್ಮ ಅನುಭವದ ಆಚೆಗಿಲ್ಲ. ಸಾರ್ವಜನಿಕ ಸಂಸ್ಥೆಗಳು ಮಕ್ಕಳ ಬೇಸಿಗೆಯನ್ನು ಚೆನ್ನಾಗಿ ನಡೆಸಬಲ್ಲವು ಎಂಬುದಕ್ಕೆ ನಮ್ಮಲ್ಲೇ ನಿದರ್ಶನಗಳಿವೆ. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಆರಂಭವಾದ ಮೈಸೂರಿನ ರಂಗಾಯಣ ನಡೆಸಿಕೊಂಡು ಬಂದ ‘ಚಿಣ್ಣರ ಮೇಳ’ಕ್ಕೆ ಮಕ್ಕಳನ್ನು ಸೇರಿಸಲು ಪೋಷಕರು ಸರದಿಯಲ್ಲಿ ನಿಂತಿದ್ದಾರೆ. ಕಬ್ಬನ್ ಉದ್ಯಾನದ ಬಾಲಭವನದ ಶಿಬಿರಗಳು ಬೆಂಗಳೂರಿಗರಿಗೆ ಹೊಸತಲ್ಲ. ಈಚಿನ ವರ್ಷಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲೂ ಬೇಸಿಗೆ ಶಿಬಿರಗಳು ನಡೆದಿವೆ. ಇವುಗಳ ಕೊರತೆಯಿರುವುದು ಗುಣದಲ್ಲಲ್ಲ, ಸಂಖ್ಯೆಯಲ್ಲಿ ಮತ್ತು ಸಮಯದಲ್ಲಿ. ನಗರದ ನಡುವಿನ ಒಂದು ಬಾಲಭವನ ಹೊರವಲಯದ ಬಡಾವಣೆಯ ತಾಯಿಗೆ ನೆರವಾಗದು.

ಇನ್ನು ಸರ್ಕಾರಿ ಶಾಲೆಗಳು. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಮಧ್ಯಾಹ್ನದ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟು 2004ರ ಏಪ್ರಿಲ್‌ನಲ್ಲಿ ಆದೇಶಿಸಿತು. ಆ ವರ್ಷಗಳಲ್ಲಿ ಬರಪೀಡಿತ ಜಿಲ್ಲೆಯೊಂದರಲ್ಲಿ ನಾನು ಕರ್ತವ್ಯದಲ್ಲಿದ್ದೆ. ಊಟಕ್ಕೆಂದು ಬಂದ ಮಕ್ಕಳು ಊಟ ಮುಗಿದ ಮೇಲೂ ಶಾಲೆಯ ನೆರಳು ಬಿಟ್ಟು ಹೋಗುತ್ತಿರಲಿಲ್ಲ; ಚೌಕಾಬಾರ, ಕುಂಟಾಬಿಲ್ಲೆ ಆಡುತ್ತ ಸಂಜೆಯವರೆಗೂ ಇರುತ್ತಿದ್ದರು. ಕೂಲಿಗೆ ಹೋದ ತಾಯಂದಿರು ನೆಮ್ಮದಿಯಿಂದಿದ್ದರು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದ ಮೇಲೆ, 2024ರ ಬೇಸಿಗೆ ರಜೆಯಲ್ಲೂ ಬಿಸಿಯೂಟ ಮುಂದುವರಿಯಿತು. ಬರ ಬಂದಾಗ ತೆರೆಯಬಹುದಾದ ಶಾಲೆಯ ಬಾಗಿಲನ್ನು ಬರವಿಲ್ಲದಾಗ ತೆರೆಯಲು ಅಡ್ಡಿಯೇನು?

ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ 2025ರ ಸೆಪ್ಟೆಂಬರ್‌ನಲ್ಲಿ ರಚನೆಯಾದ ಐದು ನಗರಪಾಲಿಕೆಗಳು ಇದನ್ನು ಆರಂಭಿಸಬಹುದು. ಪ್ರತಿ ವಾರ್ಡಿನಲ್ಲಿ ಒಂದು ಸರ್ಕಾರಿ ಶಾಲೆ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆಯವರೆಗೆ, ಮಧ್ಯಾಹ್ನದ ಊಟ, ಸ್ಥಳೀಯ ರಂಗಕರ್ಮಿಗಳು, ಕ್ರೀಡಾಪಟುಗಳು, ನಿವೃತ್ತ ಶಿಕ್ಷಕರಿಗೆ ಗೌರವಧನ. ಸೇವೆಯಲ್ಲಿರುವ ಶಿಕ್ಷಕರ ಮೇಲೆ ಇದನ್ನು ಹೇರಕೂಡದು. ಗಣತಿ, ಚುನಾವಣೆಗಳ ಹೊರೆಯೇ ಅವರಿಗೆ ಸಾಕು. ಬಡ ಮಕ್ಕಳಿಗೆ ಉಚಿತವಾಗಿರಲಿ. ಕೊಡಬಲ್ಲವರಿಂದ ಶುಲ್ಕ ಪಡೆಯಲಿ. ಕಟ್ಟಡ, ಅಂಗಳ, ಅಡುಗೆಮನೆ ಎಲ್ಲವೂ ಸಾರ್ವಜನಿಕ ಹಣದಿಂದ ಆಗಲೇ ಕಟ್ಟಿದವು. ಏಳು ವಾರ ಬೀಗ ಹಾಕಿದ ಬಂಡವಾಳವನ್ನು ಬಳಕೆಗೆ ತರುವ ಹೆಚ್ಚುವರಿ ವೆಚ್ಚ ಅಲ್ಪ.

ಖಾಸಗಿ ಶಿಬಿರಗಳಿಗೆ ಪರವಾನಗಿ ಪದ್ಧತಿ ತನ್ನಿ ಎಂದು ನಾನು ಹೇಳುವುದಿಲ್ಲ. ಮೂರು ದಶಕಗಳಿಗೂ ಹೆಚ್ಚು ಕಾಲ ಕಡತಗಳ ನಡುವೆ ಬದುಕಿದವನಿಗೆ, ಪ್ರತಿ ಪರವಾನಗಿಯ ಹಿಂದೆ ಒಂದು ಕೈ ಚಾಚಿಕೊಳ್ಳುವ ಸಾಧ್ಯತೆ ಚೆನ್ನಾಗಿ ಗೊತ್ತು. ಒಂದು ಪುಟದ ಸ್ವಯಂ ಘೋಷಣೆ ಸಾಕು. ಸಂಘಟಕರ ಹೆಸರು ಮತ್ತು ವಿಳಾಸ, ಸಿಬ್ಬಂದಿಯ ಪೊಲೀಸ್ ಪರಿಶೀಲನೆ, ಮಕ್ಕಳು ಮತ್ತು ವಯಸ್ಕರ ಅನುಪಾತ, ಪ್ರಥಮ ಚಿಕಿತ್ಸೆ, ತುರ್ತು ನಿರ್ಗಮನ ದಾರಿ, ಶುಲ್ಕ ಮರುಪಾವತಿಯ ನಿಯಮ ಇಷ್ಟನ್ನು ಬರೆದು ವಾರ್ಡ್ ಕಚೇರಿಗೆ ಕೊಡಬೇಕು, ಶಿಬಿರದ ಬಾಗಿಲಲ್ಲಿ ತೂಗುಹಾಕಬೇಕು. ಸುಳ್ಳು ಘೋಷಣೆಗೆ ಮಾತ್ರ ಕಠಿಣ ದಂಡವಿರಲಿ. ಇಂಗ್ಲೆಂಡಿನಲ್ಲಿ ಎಂಟು ವರ್ಷದೊಳಗಿನ ಮಕ್ಕಳನ್ನು ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಕಾಲ ನೋಡಿಕೊಳ್ಳುವ ಸಂಸ್ಥೆಗಳು ಸಾಮಾನ್ಯವಾಗಿ ಆಫ್‌ಸ್ಟೆಡ್ ಎಂಬ ಸರ್ಕಾರಿ ತಪಾಸಣಾ ಸಂಸ್ಥೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಅಷ್ಟು ದೊಡ್ಡ ಯಂತ್ರ ನಮಗೆ ಈಗಲೇ ಬೇಡ. ಆದರೆ ಅದರ ಹಿಂದಿನ ತತ್ವ ಬೇಕು. ಅಲ್ಲಿ ನೋಡುವುದು ಮಗುವಿಗೆ ಏನು ಕಲಿಸುತ್ತಾರೆಂಬುದನ್ನಷ್ಟೇ ಅಲ್ಲ, ಮಗು ಯಾರ ವಶದಲ್ಲಿದೆ ಎಂಬುದನ್ನೂ.

ಮಕ್ಕಳನ್ನು ರಜೆಯಲ್ಲೂ ವೇಳಾಪಟ್ಟಿಗೆ ಕಟ್ಟಿಹಾಕುವುದೇಕೆ, ಅವರು ಸುಮ್ಮನೆ ಇರಲಿ ಬಿಡಿ ಎಂಬ ಆಕ್ಷೇಪವೊಂದಿದೆ. ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಸುಮ್ಮನೆ ಇರುವುದಕ್ಕೂ ಒಂದು ಸುರಕ್ಷಿತ ಜಾಗ, ಕೂಗಿದರೆ ಓಗೊಡುವ ಒಬ್ಬ ಹಿರಿಯರು ಬೇಕು. ಮರದ ನೆರಳು, ಒಂದು ಚೆಂಡು, ಹತ್ತು ಪುಸ್ತಕ, ಹೊತ್ತಿಗೆ ಸರಿಯಾಗಿ ಊಟ ಇವಿಷ್ಟಿದ್ದರೆ ಉಳಿದುದನ್ನು ಮಕ್ಕಳೇ ಮಾಡಿಕೊಳ್ಳುತ್ತಾರೆ. ಮುಂದಿನ ಆಯವ್ಯಯ ಸಿದ್ಧಪಡಿಸುವಾಗ ನಗರಪಾಲಿಕೆಗಳು ಇದಕ್ಕಾಗಿ ಒಂದು ಲೆಕ್ಕಶೀರ್ಷಿಕೆ ತೆರೆಯಲಿ. ಮೊದಲ ವರ್ಷ ವಾರ್ಡಿಗೆ ಒಂದು ಶಾಲೆ ಸಾಧ್ಯವಾಗದಿದ್ದರೆ ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಒಂದರಂತೆ ಆರಂಭಿಸಲಿ. ಏಪ್ರಿಲ್ ತಿಂಗಳು ಪ್ರತಿ ವರ್ಷ ಬಂದೇ ಬರುತ್ತದೆ. ಅದನ್ನು ಅನಿರೀಕ್ಷಿತವೆಂದು ಯಾವ ಆಡಳಿತವೂ ಹೇಳುವಂತಿಲ್ಲ.