ಕುರ್ಚಿಯಾದ ಲಂಟಾನ

ನಗರದ ಮನೆಯ ಹಜಾರದಲ್ಲಿ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಮಾಡಿದ ಕುರ್ಚಿಯನ್ನು ಕಂಡವರು ಅದನ್ನು ಬೆತ್ತದ್ದೆಂದೇ ಭಾವಿಸುವುದುಂಟು. ಅದು ಬೆತ್ತವಲ್ಲ, ಲಂಟಾನ. ಈ ಗಿಡ ನಮ್ಮ ದೇಶಕ್ಕೆ ಬಂದದ್ದೂ ಅಲಂಕಾರಕ್ಕೆಂದೇ! 19ನೆಯ ಶತಮಾನದ ಆರಂಭದಲ್ಲಿ ಆಂಗ್ಲರು ಹೂಗಿಡವೆಂದು ತಂದ ಅಮೆರಿಕ ಮೂಲದ ಈ ಪೊದೆ ಇಂದು ಕಾಡಿನ ಹುಲ್ಲನ್ನೂ ಸಸಿಗಳನ್ನೂ ಮೇಲೇಳಗೊಡುತ್ತಿಲ್ಲ.

ಲಂಟಾನದಿಂದ ಪೀಠೋಪಕರಣ ಮಾಡುವ ಕಸುಬು ಬೆಟ್ಟದಲ್ಲಿ ನೆಲೆಯೂರಿದ್ದು 2000ದ ದಶಕದಲ್ಲಿ, ಏಟ್ರೀ ಸಂಸ್ಥೆಯ ನೆರವಿನಿಂದ. ನೆಟ್ಟಗಿರುವ ಕಾಂಡಗಳನ್ನು ಆರಿಸಿ ನೀರಿನಲ್ಲಿ ಕುದಿಸಿದರೆ ತೊಗಟೆ ಸಲೀಸಾಗಿ ಸುಲಿದು ಬರುತ್ತದೆ. ಬಿಸಿಯಿರುವಾಗಲೇ ಬಗ್ಗಿಸಬೇಕು; ಆರಿದ ಮೇಲೆ ಅದು ಯಾರ ಮಾತನ್ನೂ ಕೇಳದು.

ಬೆತ್ತದ ಮೇಲಿನ ಒತ್ತಡ ತಗ್ಗಿಸಲು ಇದು ಒಳ್ಳೆಯ ದಾರಿಯೇ ಸರಿ. ಆದರೆ ಕುರ್ಚಿ ಕೊಂಡರೆ ಕಾಡು ಉಳಿಯುತ್ತದೆಂಬ ಮಾರಾಟದ ಮಾತು ಒಪ್ಪತಕ್ಕದ್ದಲ್ಲ. ಕಸುಬಿಗೆ ಬೇಕಾದದ್ದು ನೇರವಾದ ಕೆಲವು ಕೋಲುಗಳು ಮಾತ್ರ. ಕಡಿದ ಬುಡ ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತದೆ. ಅದು ಸಾಯಬೇಕಾದರೆ ಕಾಂಡವೂ ಬೇರೂ ಕೂಡುವ ಜಾಗದ ಕೆಳಗೆ, ಮಣ್ಣಿನೊಳಗೆ ಕಡಿದು ಪೊದೆಯನ್ನು ತಲೆಕೆಳಗಾಗಿಸಬೇಕು. ಹಕ್ಕಿಗಳು ಉದುರಿಸಿದ ಬೀಜದಿಂದೆದ್ದ ಸಸಿಗಳನ್ನು ಮುಂದಿನ ವರ್ಷಗಳಲ್ಲಿಯೂ ಕೀಳುತ್ತಿರಬೇಕು.

ನೆಲದ ತರಗಿಗೆ ಸಣ್ಣ ಬೆಂಕಿ ಹಾಕುವ 'ತರಗು ಬೆಂಕಿ' ಪದ್ಧತಿಯನ್ನು ನಿಲ್ಲಿಸಿದ ಮೇಲೆಯೇ ಲಂಟಾನ ಹಬ್ಬಿತೆಂಬುದು ಸೋಲಿಗ ಹಿರಿಯರ ಅನುಭವ. ಅದನ್ನು ನಿಲ್ಲಿಸಿದ್ದು ಸರ್ಕಾರ. ಆದ್ದರಿಂದ ಕೀಳುವ ಕೂಲಿಯನ್ನು ಸರ್ಕಾರವೇ ಕೊಡಬೇಕು. ಕೆಲಸ ಸೋಲಿಗರಿಗೇ ಸಿಗಬೇಕು. ಕುರ್ಚಿ ಮಾರಿ ಬಂದ ಹಣ ಮಾಡಿದವರ ಮನೆಗೆ ಹೋಗಲಿ.