ಬೆಚ್ಚಗಿನ ಕೋಣೆ, ಗೇಟಿನ ಬಳಿಯ ಬೆಂಕಿ

ಬೆಂಗಳೂರಿನಲ್ಲಿ ಉಷ್ಣಾಂಶ 12 ಡಿಗ್ರಿಗೆ ಇಳಿದರೆ ಅದು ಮುಖಪುಟದ ಸುದ್ದಿ. ದೆಹಲಿಯಲ್ಲಿ ಜನವರಿಯ ಇರುಳು 5-6 ಡಿಗ್ರಿಗೆ ಇಳಿಯುವುದು ವಾಡಿಕೆ. 2021ರ ಹೊಸ ವರ್ಷದ ಬೆಳಗ್ಗೆ ಇಲ್ಲಿನ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ ದಾಖಲಾದದ್ದು 1.1 ಡಿಗ್ರಿ. ನೌಕರಿಯ ನಿಮಿತ್ತ ಈ ನಗರಕ್ಕೆ ಬಂದು ನೆಲೆಸಿದ ನನ್ನಂಥ ದಕ್ಷಿಣದವರಿಗೆ ಮೊದಲ ಚಳಿಗಾಲ ಎರಡು ಪಾಠ ಕಲಿಸುತ್ತದೆ. ಊರಿನಿಂದ ತಂದ ಕಂಬಳಿಯೊಂದೇ ಇಲ್ಲಿ ಸಾಲದು ಎಂಬುದು ಮೊದಲನೆಯದು. ಹೀಟರಿನ ಮುಂದೆ ಕಳೆದ ಸುಖಕ್ಕೆ ಮುಂದಿನ ತಿಂಗಳ ವಿದ್ಯುತ್ ಬಿಲ್ಲಿನಲ್ಲಿ ದಂಡ ತೆರಬೇಕು ಎಂಬುದು ಎರಡನೆಯದು.

ಕರ್ನಾಟಕದ ಎಷ್ಟೋ ಮನೆಗಳ ಮಕ್ಕಳು ಇಂದು ಓದಿಗೋ ಉದ್ಯೋಗಕ್ಕೋ ದೆಹಲಿ, ನೋಯ್ಡಾ, ಗುರುಗ್ರಾಮಗಳ ಬಾಡಿಗೆ ಕೋಣೆಗಳಲ್ಲಿದ್ದಾರೆ. ಡಿಸೆಂಬರ್ ಬಂತೆಂದರೆ ನೆಂಟರಿಷ್ಟರಿಂದ ನನಗೊಂದು ಪ್ರಶ್ನೆ ತಪ್ಪದೆ ಬರುತ್ತದೆ: ‘ಯಾವ ಹೀಟರ್ ಕೊಂಡರೆ ಕರೆಂಟ್ ಉಳಿಯುತ್ತದೆ?’ ನನ್ನ ಉತ್ತರ ಅವರಿಗೆ ನಿರಾಸೆ ತರುತ್ತದೆ. ಹೀಟರ್ ಯಾವುದೇ ಇರಲಿ, ಅದು ತಾನಾಗಿ ಕರೆಂಟ್ ಉಳಿಸುವುದಿಲ್ಲ.

ಒಂದು ಯೂನಿಟ್ ವಿದ್ಯುತ್ತು ಶಾಖವಾದಾಗ ದೊರೆಯುವುದು ಸುಮಾರು 860 ಕಿಲೊ ಕ್ಯಾಲೊರಿ. 1 ಸಾವಿರ ರೂಪಾಯಿಯ ಕಾಯಿಲ್ ಹೀಟರಾಗಲಿ, 10 ಸಾವಿರದ ಎಣ್ಣೆ ತುಂಬಿದ ರೇಡಿಯೇಟರಾಗಲಿ, ಬಳಸಿದ ವಿದ್ಯುತ್ತನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿಸುತ್ತವೆ. ಇದಕ್ಕಿಂತ ಹೆಚ್ಚು ಕೊಡಲು ಯಾವ ಕಂಪನಿಗೂ ಸಾಧ್ಯವಿಲ್ಲ. ಅಂಗಡಿಯವನ ಮಾತು ನಂಬಿ ‘ಮಿತವ್ಯಯ’ದ ರೇಡಿಯೇಟರನ್ನು ಹೊತ್ತು ತಂದ ವರ್ಷ ನಮ್ಮ ಮನೆಯ ಬಿಲ್ಲು ಇಳಿಯಲಿಲ್ಲ, ಏರಿತು. ಅದರಲ್ಲಿ ತಾಪ ನಿಯಂತ್ರಕವಿದೆ, ಸಾಕಷ್ಟು ಬಿಸಿಯಾದೊಡನೆ ತಾನಾಗಿ ನಿಲ್ಲುತ್ತದೆ ಎಂಬುದು ನಿಜ. ಆದರೆ ಕೋಣೆ ಶಾಖವನ್ನು ಹಿಡಿದಿಟ್ಟುಕೊಂಡರೆ ಮಾತ್ರ ತಾನೆ ಅದು ನಿಲ್ಲುವುದು? ನಮ್ಮ ಕೋಣೆ ಹಿಡಿದಿಡಲಿಲ್ಲ, ಹೀಟರ್ ನಿಲ್ಲಲಿಲ್ಲ.

ಅಂದರೆ ಉಳಿತಾಯದ ಗುಟ್ಟಿರುವುದು ಹೀಟರಿನಲ್ಲಲ್ಲ, ಕೋಣೆಯಲ್ಲಿ. ದೆಹಲಿಯ ಸಾಮಾನ್ಯ ಮನೆಗಳನ್ನು ಕಟ್ಟಿರುವುದು ಬೇಸಿಗೆಯನ್ನು ನೆನೆದು. ತಣ್ಣನೆಯ ಮೊಸಾಯಿಕ್ ನೆಲ, ಒಂಟಿ ಗಾಜಿನ ಕಿಟಕಿ, ಚೌಕಟ್ಟಿಗೆ ಸರಿಯಾಗಿ ಕೂಡದ ಬಾಗಿಲು. 90 ಸೆಂಟಿಮೀಟರ್ ಅಗಲದ ಬಾಗಿಲಿನ ಕೆಳಗೆ ಒಂದೇ ಒಂದು ಸೆಂಟಿಮೀಟರ್ ಸಂದಿದ್ದರೂ ಅದು ಗೋಡೆಯಲ್ಲಿ ಅಂಗೈಯಗಲದ ತೂತು ಕೊರೆದಿಟ್ಟದ್ದಕ್ಕೆ ಸಮ. ಆ ಸಂದಿಗೆ ಹಳೆಯ ಸೀರೆಯ ಸುರುಳಿ, ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಜಮಖಾನೆ: ಇಷ್ಟು ಮಾಡಿದ ಮೇಲೆ ಅದೇ ರೇಡಿಯೇಟರ್ ನಮ್ಮ ಮನೆಯಲ್ಲಿ ಆಗಾಗ ನಿಲ್ಲತೊಡಗಿತು.

ಲೆಕ್ಕವನ್ನೇ ನೋಡೋಣ. 2,000 ವಾಟ್‌ನ ಹೀಟರ್ ದಿನಕ್ಕೆ 6 ಗಂಟೆ ಎಡೆಬಿಡದೆ ಉರಿದರೆ 12 ಯೂನಿಟ್, ತಿಂಗಳಿಗೆ 360. 800 ವಾಟ್‌ನ ಹ್ಯಾಲೋಜನ್ ಹೀಟರನ್ನು ಕುಳಿತಲ್ಲಿಗೇ ತಿರುಗಿಸಿಕೊಂಡು 4 ಗಂಟೆ ಬಳಸಿದರೆ ತಿಂಗಳಿಗೆ 96. ಹಾಸಿಗೆಯ ಮೇಲೆ ಹರಡುವ 100 ವಾಟ್‌ನ ವಿದ್ಯುತ್ ಕಂಬಳಿಯಾದರೆ ರಾತ್ರಿಯಿಡೀ ಒಂದು ಯೂನಿಟ್ಟೂ ಖರ್ಚಾಗದು. ಮನೆಯನ್ನಲ್ಲ, ಮನುಷ್ಯನನ್ನು ಬೆಚ್ಚಗಿಡಬೇಕು ಎಂಬುದೇ ಇದರ ಸಾರ. ಮಲೆನಾಡಿನ ನಮ್ಮ ಹಿರಿಯರು ಮಾಗಿಯ ಬೆಳಗಿನಲ್ಲಿ ಬಚ್ಚಲೊಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದರೇ ಹೊರತು ಇಡೀ ತೊಟ್ಟಿಮನೆಯನ್ನು ಬಿಸಿ ಮಾಡಲು ಹೊರಟವರಲ್ಲ.

ಹೆಚ್ಚು ಹೊತ್ತು ಇಡೀ ಕೋಣೆಯೇ ಬೆಚ್ಚಗಿರಬೇಕಾದ ಮನೆಗಳೂ ಇವೆ. ವೃದ್ಧರೋ ಹಸುಗೂಸೋ ಇರುವಲ್ಲಿ ಬಿಸಿ ಗಾಳಿಯನ್ನೂ ಕೊಡಬಲ್ಲ ಇನ್ವರ್ಟರ್ ಏಸಿ ಹೆಚ್ಚು ಲಾಭದಾಯಕ. ಅದು ಶಾಖವನ್ನು ಉತ್ಪಾದಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವುದನ್ನು ಒಳಗೆ ಸಾಗಿಸುತ್ತದೆ. ಆದ್ದರಿಂದ ದೆಹಲಿಯಂಥ ಚಳಿಯಲ್ಲಿ ಒಂದು ಯೂನಿಟ್ ವೆಚ್ಚಕ್ಕೆ ಸುಮಾರು ಮೂರು ಯೂನಿಟ್ಟಿನಷ್ಟು ಶಾಖ ಕೊಡಬಲ್ಲದು. ಬಾಡಿಗೆ ಕೋಣೆಯ ವಿದ್ಯಾರ್ಥಿಗೆ ಈ ಬಂಡವಾಳ ದುಬಾರಿ. ಅವನು ಗಮನಿಸಬೇಕಾದ್ದು ಬೇರೆಯೇ ಇದೆ: 2,000 ವಾಟ್‌ನ ಹೀಟರನ್ನು ದೀಪದ ಸಣ್ಣ ಪ್ಲಗ್ಗಿಗೋ ಎಕ್ಸ್‌ಟೆನ್ಷನ್ ಬೋರ್ಡಿಗೋ ಸಿಕ್ಕಿಸಬಾರದು. ಹಾಸಿಗೆಯ ಪಕ್ಕದಲ್ಲಿ ಕಾಯಿಲ್ ಉರಿಯಲು ಬಿಟ್ಟು ನಿದ್ರಿಸಬಾರದು.

ಇಲ್ಲಿಯವರೆಗಿನದು ಹಣದ ಮಾತು. ಆದರೆ ಸಂದುಗಳನ್ನು ಮುಚ್ಚಿ ಎನ್ನುವ ಇದೇ ಸಲಹೆ, ಕೋಣೆಯೊಳಗೆ ಉರಿಯುತ್ತಿರುವುದು ಇದ್ದಿಲೋ ಗ್ಯಾಸೋ ಆದಾಗ ಪ್ರಾಣಕ್ಕೆ ಎರವಾಗುತ್ತದೆ. ಅಗ್ಗಿಷ್ಟಿಕೆಯಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮಲಗಿದವನಿಗೆ ಎಚ್ಚರವೇ ಆಗದು. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬಲ್ಲಿ ಗ್ಯಾಸ್ ಹೀಟರ್ ಹಚ್ಚಿ ಕೋಣೆಯ ಬಾಗಿಲು ಮುಚ್ಚಿಕೊಂಡು ಮಲಗಿದ ಕೇರಳದ ಎಂಟು ಪ್ರವಾಸಿಗಳು ಮೃತಪಟ್ಟರು. ಅವರಲ್ಲಿ ನಾಲ್ವರು ಮಕ್ಕಳು. 2024ರ ಜನವರಿಯಲ್ಲಿ ದೆಹಲಿಯ ಎರಡು ಕಡೆ ಅಗ್ಗಿಷ್ಟಿಕೆಯ ಹೊಗೆಗೆ ಆರು ಮಂದಿ ಬಲಿಯಾದರು. ಚಳಿಯನ್ನು ಕಂಡರಿಯದ ದಕ್ಷಿಣದವರೂ ಹೀಟರ್ ಕೊಳ್ಳಲಾಗದ ಬಡವರೂ ಈ ಸಾವಿನಲ್ಲಿ ಸಮಾನರು. ಬೆಂಕಿ ಒಳಗಿದ್ದರೆ ಕಿಟಕಿ ತೆರೆದಿರಬೇಕು, ಮಲಗುವ ಮುನ್ನ ಬೆಂಕಿಯನ್ನು ಹೊರಗಿಡಬೇಕು. ಈ ಒಂದು ವಿಷಯದಲ್ಲಿ ಮಿತವ್ಯಯ ಸಲ್ಲದು.

ಒಳಗಿನ ಬೆಂಕಿಯ ಮಾತು ಇದಾದರೆ, ಹೊರಗಿನ ಬೆಂಕಿಯ ಕಥೆ ಇನ್ನೊಂದು. ನಮ್ಮ ವಸತಿ ಸಮುಚ್ಚಯದ ಗೇಟಿನಲ್ಲಿ ರಾತ್ರಿ ಕಾಯುವ ಕಾವಲುಗಾರ ಒಣಗಿದ ರೆಂಬೆ, ಹರಿದ ಪೆಟ್ಟಿಗೆ, ಕೆಲವೊಮ್ಮೆ ಪ್ಲಾಸ್ಟಿಕ್ಕನ್ನೂ ಕೂಡಿಸಿ ಬೆಂಕಿ ಹಾಕಿಕೊಳ್ಳುತ್ತಾನೆ. ಮರುದಿನ ಬೆಳಗ್ಗೆ ವಾಯುಮಾಲಿನ್ಯವನ್ನು ಶಪಿಸುತ್ತ ವಾಯುವಿಹಾರಕ್ಕೆ ಹೊರಡುವವರು ನಾವೇ. ದೆಹಲಿಯ ಗಾಳಿ ಕೆಟ್ಟಾಗ ಜಾರಿಗೆ ಬರುವ ‘ಗ್ರ್ಯಾಪ್’ ನಿಯಮಾವಳಿಯಲ್ಲಿ, ಇಂಥ ಬೆಂಕಿಯನ್ನು ತಪ್ಪಿಸಲು ನಿವಾಸಿಗಳ ಸಂಘಗಳು ಕಾವಲು ಸಿಬ್ಬಂದಿಗೆ ವಿದ್ಯುತ್ ಹೀಟರ್ ಒದಗಿಸಬೇಕೆಂಬ ಮಾತೂ ಇದೆ. ನಮ್ಮ ಸಂಘದ ಸಭೆಯಲ್ಲಿ ವಿಷಯ ಬಂದಾಗ ಎದ್ದ ಮೊದಲ ಪ್ರಶ್ನೆ: ‘ಬಿಲ್ಲು ಯಾರು ಕಟ್ಟುತ್ತಾರೆ?’ ಯಾರೂ ಮಾತನಾಡಲಿಲ್ಲ. ನಾನೂ ಸುಮ್ಮನಿದ್ದೆ.

ಲೆಕ್ಕ ಹಾಕಿದ್ದು ಮನೆಗೆ ಬಂದ ಮೇಲೆ. ತೆರೆದ ಗೂಡಿನಲ್ಲಿ ಗಾಳಿಯನ್ನು ಕಾಯಿಸಿ ಪ್ರಯೋಜನವಿಲ್ಲ, ಮೈಗೆ ನೇರವಾಗಿ ಕಾವು ತಾಗಿಸುವ 800 ವಾಟ್‌ನ ಹೀಟರ್ ಸಾಕು. ಹತ್ತು ಗಂಟೆ ಉರಿದರೆ 8 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಎಂದೇ ಹಿಡಿದರೂ ರಾತ್ರಿಗೆ 64 ರೂಪಾಯಿ. ನಮ್ಮಲ್ಲಿರುವುದು 60 ಮನೆಗಳು. ಮನೆಯೊಂದಕ್ಕೆ ರಾತ್ರಿಗೆ ಒಂದು ರೂಪಾಯಿ ಚಿಲ್ಲರೆ. ಬಾಗಿಲ ಸಂದಿಗೆ ಸೀರೆ ತುರುಕಿ ನಾನು ಉಳಿಸಿದ್ದು ಇದರ ಎಷ್ಟೋ ಪಟ್ಟು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಹಾಸಿಗೆ ಇದ್ದವರಿಗೆ ಹೇಳಿದ ಬುದ್ಧಿಮಾತು. ಗೇಟಿನಲ್ಲಿ ಕುಳಿತವನಿಗೆ ಮುಚ್ಚಲು ಬಾಗಿಲಿಲ್ಲ, ಎಳೆಯಲು ಪರದೆಯಿಲ್ಲ. ಅವನ ಚಳಿಯನ್ನು ಲೆಕ್ಕದಿಂದ ಕೈಬಿಟ್ಟು ನಾವು ಮಾಡುವ ಉಳಿತಾಯ ಅರ್ಧ ಲೆಕ್ಕವಷ್ಟೆ. ಉಳಿದರ್ಧ ಹೊಗೆಯಾಗಿ ನಮ್ಮ ಶ್ವಾಸಕೋಶಕ್ಕೇ ಮರಳಿ ಬರುತ್ತದೆ. ಮುಂದಿನ ಸಭೆಯಲ್ಲಿ ಅದೇ ಪ್ರಶ್ನೆ ಎದ್ದರೆ, ಈ ಬಾರಿ ಉತ್ತರಿಸಲು ನನ್ನ ಜೇಬಿನಲ್ಲಿ ಆ ಲೆಕ್ಕದ ಚೀಟಿಯಿದೆ.