ಗೂಡಿನೊಳಗಿನ ಗೇರು

ಕಳೆದ ತಿಂಗಳ ನಮ್ಮ ಲೇಖನ ಓದಿ ಹಲವು ಬಂಧುಗಳು ಕಾಗದ ಬರೆದಿದ್ದಾರೆ. ಹುಬ್ಬಳ್ಳಿಯ ಬಂಧುವೊಬ್ಬರ ಕಾಗದಕ್ಕೆ ಮಾತ್ರ ಇಲ್ಲಿಯೇ ಉತ್ತರ ಕೊಡುವುದು ಲೇಸೆಂದು ತೋರಿತು. ಅವರ ಮಗ ಗೋವೆಗೆ ಬಂದಾಗ ಇಲ್ಲಿನ ಸೈಕಲ್ ಗೆಳೆಯರ ಸಹವಾಸ ಬಿದ್ದು, ಹೊರಗೆ ಕಾಣದ ಗೇರಿನ ಸೈಕಲ್ಲೊಂದನ್ನು ಕಟ್ಟಿಸಬೇಕೆಂದು ಹಣ ಕೇಳುತ್ತಿದ್ದಾನಂತೆ. ಕೊಡಬೇಕೋ ಬೇಡವೋ ಎಂಬುದು ಅವರ ಪ್ರಶ್ನೆ. ಮಡಗಾಂವಿನಲ್ಲಿ ಸೈಕಲ್ ಬಿಡಿಭಾಗಗಳ ಅಂಗಡಿ ಇಟ್ಟು ನಲವತ್ತು ವರ್ಷ ಕಳೆದ ನಮಗೆ ಇದು ಮನೆಯ ಮಾತೇ ಸರಿ.

ಮೊದಲು ವಸ್ತು ಏನೆಂಬುದನ್ನು ತಿಳಿಯೋಣ. ಈಗಿನ ಗೇರ್ ಸೈಕಲ್ಲುಗಳಲ್ಲಿ ಹಿಂದಿನ ಗಾಲಿಗೆ ಆರೇಳು ಹಲ್ಲುಚಕ್ರಗಳು ಹೊರಗೇ ಇರುತ್ತವೆ, ಚೈನು ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಹಬ್ ಗೇರಿನಲ್ಲಿ ಹೊರಗೆ ಒಂದೇ ಹಲ್ಲುಚಕ್ರ, ಒಂದೇ ಚೈನು. ಉಳಿದದ್ದೆಲ್ಲ ಗಾಲಿಯ ನಡುವಿನ ಉಕ್ಕಿನ ಗೂಡಿನೊಳಗೆ. 1902ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಸ್ಟರ್ಮಿ ಆರ್ಚರ್ ಹಬ್ಬು ಇದರಲ್ಲಿ ಹೆಸರುವಾಸಿ. 1936ರಲ್ಲಿ ಬಂದ ಅವರ ಎ.ಡಬ್ಲ್ಯೂ. ಎಂಬ ಮೂರು ಗೇರಿನ ಹಬ್ಬನ್ನು ಬಿಚ್ಚಿ ನೋಡಿದರೆ, ನಡುವಿನ ಅಚ್ಚಿನ ಮೇಲೆ ಕದಲದ 20 ಹಲ್ಲಿನ ಚಕ್ರ, ಅದರ ಸುತ್ತ ಓಡುವ 20 ಹಲ್ಲಿನ ಮರಿಚಕ್ರಗಳು, ಅವನ್ನೆಲ್ಲ ಬಳಸಿದ 60 ಹಲ್ಲಿನ ಬಳೆ. ಸೂರ್ಯನ ಸುತ್ತ ಗ್ರಹಗಳು ಇದ್ದಂತೆ. ಹಿಂದಿನ ಹಲ್ಲುಚಕ್ರ ಒಂದು ಸುತ್ತು ತಿರುಗಿದರೆ ಗಾಲಿ ಮೊದಲ ಗೇರಿನಲ್ಲಿ ಮುಕ್ಕಾಲು ಸುತ್ತು, ಎರಡನೆಯದರಲ್ಲಿ ಸರಿಯಾಗಿ ಒಂದು ಸುತ್ತು, ಮೂರನೆಯದರಲ್ಲಿ ಒಂದೂ ಮೂರನೇ ಒಂದು ಸುತ್ತು. ಲೆಕ್ಕ ಎಷ್ಟು ಚೊಕ್ಕವಾಗಿದೆ ನೋಡಿ! ನಮ್ಮ ಹಳೆಯ ಕಾಲದ ಖಾತೆ ಪುಸ್ತಕದಂತೆ, ಒಂದು ಪೈಸೆಯೂ ಆಚೀಚೆ ಇಲ್ಲ.

ಗೋವೆಗೆ ಈ ಹಬ್ಬು ಹೊಸತಲ್ಲ. 1961ರ ಡಿಸೆಂಬರಿನವರೆಗೆ ಇಲ್ಲಿ ಪೋರ್ಚುಗೀಸರ ಆಳ್ವಿಕೆ. ಗಡಿಯ ಆಚೆ ನಮ್ಮಲ್ಲಿ ವಿದೇಶಿ ಸಾಮಾನಿಗೆ ಕಟ್ಟುಪಾಡುಗಳಿದ್ದಾಗ ಇಲ್ಲಿ ಅದು ಸಲೀಸಾಗಿ ಸಿಗುತ್ತಿತ್ತು. ನಾವು ಅಂಗಡಿ ಹಾಕಿದ ಹೊಸತರಲ್ಲಿ ದೊಡ್ಡ ಮನೆಗಳ ಪಡಸಾಲೆಯಿಂದ ರ್‍ಯಾಲಿ, ಹಂಬರ್ ಸೈಕಲ್ಲುಗಳು ರಿಪೇರಿಗೆ ಬರುತ್ತಿದ್ದವು. ಹಬ್ಬಿನ ಮೈಮೇಲೆ ತಯಾರಾದ ವರ್ಷವನ್ನು ಒತ್ತಿರುತ್ತಾರೆ. ಒಮ್ಮೆ ಜಿಡ್ಡು ಒರೆಸಿದಾಗ 58 ಎಂದು ಕಂಡಿತು. ನಾಲ್ಕು ಹನಿ ಎಣ್ಣೆ ಬಿಟ್ಟ ಮೇಲೆ ಮೂರೂ ಗೇರು ಬಿದ್ದವು. ಆ ನಾಟಿಂಗ್‌ಹ್ಯಾಮ್ ಕಾರ್ಖಾನೆ ಈಗ ಇಲ್ಲ. 2000ದಲ್ಲಿ ಆ ಹೆಸರು ತೈವಾನಿನ ಸನ್‌ರೇಸ್ ಕಂಪೆನಿಯ ಪಾಲಾಯಿತು. ಮೂರು ಗೇರಿನ ಹಬ್ಬು ಮಾತ್ರ ಅಲ್ಲಿಂದ ಇಂದಿಗೂ ಬರುತ್ತಿದೆ.

ಇಲ್ಲಿನ ಹವೆಗೂ ಈ ಹಬ್ಬಿಗೂ ಒಳ್ಳೆಯ ಹೊಂದಾಣಿಕೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರ ಮೇಲೆ ಸಮುದ್ರದ ಉಪ್ಪುಗಾಳಿ. ಹೊರಗೇರಿನ ಸೈಕಲ್ಲುಗಳು ಜೂನಿನಲ್ಲಿ ಹೊಳೆಯುತ್ತ ಹೋಗಿ ಸೆಪ್ಟೆಂಬರಿನಲ್ಲಿ ತುಕ್ಕು ಹಿಡಿದು ನಮ್ಮ ಅಂಗಡಿಗೆ ಬರುತ್ತವೆ. ವ್ಯಾಪಾರಕ್ಕೆ ಅದು ಒಳ್ಳೆಯದೇ, ಆದರೆ ನಿಜ ಹೇಳಬೇಕಲ್ಲ.

ಸೈಕಲ್ ಗೆಳೆಯರ ವಿಷಯ. ಇವರಲ್ಲಿ ಇಂಜಿನಿಯರುಗಳಿದ್ದಾರೆ, ಬ್ಯಾಂಕಿನವರಿದ್ದಾರೆ. ಭಾನುವಾರ ಬೆಳಗಾಗುವ ಮೊದಲೇ ಹೊರಟು ಬೋರಿಯ ಏರು ಹತ್ತಿ ಫೋಂಡಾ ಕಡೆಗೆ ಹೋಗುತ್ತಾರೆ. (ಅಲ್ಲೇ ಬಾಂದಿವಡೆಯಲ್ಲಿ ನಮ್ಮ ಹಳೆಯ ಬಸದಿಯ ಅವಶೇಷವಿದೆ, ನೋಡಿಬನ್ನಿರೆಂದು ನಾವು ಹೇಳಿದ ಮೇಲೆ ಕೆಲವರು ನೋಡಿಬಂದರು.) ಇನ್ನು ಕೆಲವರು 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸುವ ಬ್ರೆವೆ ಎಂಬ ಓಟಕ್ಕೆ ತಯಾರಾಗುತ್ತಾರೆ. ಇವರ ಬಾಯಲ್ಲಿ ಸದಾ ಜರ್ಮನಿಯ ರೋಲಾಫ್ ಹಬ್ಬಿನ ಜಪ. 1998ರಲ್ಲಿ ಬಂದದ್ದು, 14 ಗೇರು, ಎಣ್ಣೆಯಲ್ಲಿ ಮುಳುಗಿ ಓಡುತ್ತದೆ, 5000 ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಿದರಾಯಿತು. ಕೆಲಸದ ಅಚ್ಚುಕಟ್ಟಿಗೆ ಎರಡು ಮಾತಿಲ್ಲ. ಬೆಲೆ ಕೇಳಿದರೆ ಹೊಸ ಸ್ಕೂಟರಿನ ಲೆಕ್ಕ. ಇದ್ದವರು ಕೊಳ್ಳಲಿ. ಈ ಹಬ್ಬಿನ ನಿಜವಾದ ಬೆಲೆಯನ್ನು ನಮಗೆ ತಿಳಿಸಿದವನು ಬೇರೊಬ್ಬ.

ಗೋವೆಯಲ್ಲಿ ಬೆಳಗ್ಗೆ, ಸಂಜೆ ಸೈಕಲ್ಲಿನ ಹಿಂದೆ ಬಿದಿರಿನ ಬುಟ್ಟಿ ಕಟ್ಟಿ, ಭೋಂಪು ಒತ್ತುತ್ತ ಮನೆಮನೆಗೆ ಪೋಯಿ, ಉಂಡೊ, ಕಾಂಕೊಣ ಮಾರುವವನೇ ಪೊದೇರ. ಬೇಕರಿಗಳಲ್ಲಿ ಈಗ ನಮ್ಮ ಕಡೆಯವರೂ ಇದ್ದಾರೆ. ಬಾದಾಮಿ ಕಡೆಯ ಒಬ್ಬನಿಗೆ ಮೊಂತೆ ಗುಡ್ಡದ ಸುತ್ತಲಿನ ಮನೆಗಳ ಪಾಳಿ. ವಯಸ್ಸು ನಲವತ್ತರ ಹತ್ತಿರ, ಮೊಳಕಾಲು ನೋವು, ಏರಿನಲ್ಲಿ ಇಳಿದು ದೂಡಬೇಕು. ಬೆಳಕು ಹರಿದ ಮೇಲೆ ಬಂದ ರೊಟ್ಟಿಯನ್ನು ಯಾರು ಕೊಳ್ಳುತ್ತಾರೆ? ಸ್ಕೂಟರ್ ತಾ, ಇಲ್ಲವೆ ಪಾಳಿ ಬಿಡು ಎಂದು ಬೇಕರಿಯ ಮಾಲೀಕ ಹೇಳಿಬಿಟ್ಟಿದ್ದ. ಅವನಲ್ಲಿ ಹಣವೂ ಇಲ್ಲ, ಲೈಸೆನ್ಸೂ ಇಲ್ಲ. ಊರಲ್ಲಿ ಇಬ್ಬರು ಹೆಣ್ಣುಮಕ್ಕಳ ಶಾಲೆ ನಡೆಯುತ್ತಿದ್ದುದು ಈ ಪಾಳಿಯ ಮೇಲೆಯೇ.

ಹೊರಗೇರು ಅವನಿಗೆ ಆಗಿಬರದು, ಅದನ್ನು ಬದಲಿಸಲು ಪೆಡಲು ತುಳಿಯುತ್ತಿರಬೇಕು. ಪೊದೇರನಾದರೋ ಪ್ರತಿ ಬಾಗಿಲಲ್ಲಿ ನಿಲ್ಲುವವನು. ಹಬ್ ಗೇರನ್ನು ನಿಂತಲ್ಲೇ ಬದಲಿಸಬಹುದು. ಸೈಕಲ್ ಗೆಳೆಯರಲ್ಲಿ ಒಬ್ಬರು ಗುಜರಿಯಿಂದ ಹಳೆಯ ಎ.ಡಬ್ಲ್ಯೂ. ಹಬ್ಬೊಂದನ್ನು ತಂದುಕೊಟ್ಟರು. ಅದೃಷ್ಟಕ್ಕೆ ಅದು 40 ತೂತಿನದು. ನಮ್ಮ ಕರಿ ಸೈಕಲ್ಲಿನ ಹಿಂದಿನ ರಿಮ್ಮಿಗೂ ತೂತು 40. ಹಬ್ಬಿನ ಮೈ ದಪ್ಪವಾದ್ದರಿಂದ ಹಳೆಯ ಕಡ್ಡಿಗಳು ಉದ್ದವಾದವು. ನಮ್ಮ ಮಿಸ್ತ್ರಿ ಅವನ್ನು ಕತ್ತರಿಸಿ, ಹೊಸದಾಗಿ ಆಟೆ ಹಾಕಿ, ಎರಡು ಸಂಜೆ ಕೂತು ಗಾಲಿ ಹೆಣೆದು ಔಟ್ ತೆಗೆದ. ಮುಂದಿನ ಚಕ್ರಕ್ಕೆ 44 ಹಲ್ಲು; ಹಿಂದೆ ಮೊದಲಿದ್ದ 18ರ ಬದಲು 22 ಹಲ್ಲಿನದನ್ನು ಹಾಕಿದೆವು. ಪೆಡಲಿನ ಒಂದು ಸುತ್ತಿಗೆ ಗಾಲಿ ಮೊದಲು ಸುಮಾರು ಎರಡೂವರೆ ಸುತ್ತು ತಿರುಗುತ್ತಿತ್ತು, ಈಗ ಏರಿನಲ್ಲಿ ಒಂದೂವರೆ ಸುತ್ತು. ಮೂರನೆಯ ಗೇರಿನಲ್ಲಿ ಮೊದಲಿಗಿಂತ ತುಸು ಹೆಚ್ಚೇ.

ಎರಡನೇ ವಾರ ಒಂದು ಅವಘಡವಾಯಿತು. ಹೊಸ ಕೇಬಲ್ ಜಗ್ಗಿ ಸಡಿಲವಾಯಿತು. ಈ ಹಬ್ಬಿನಲ್ಲಿ ಎರಡು ಮತ್ತು ಮೂರನೆಯ ಗೇರಿನ ನಡುವೆ ಯಾವುದೂ ಹಿಡಿಯದ ಜಾಗವಿದೆ. ನಿಂತು ತುಳಿಯುವಾಗ ಪೆಡಲು ಬರಿದೇ ತಿರುಗಿ ಅವನು ಹ್ಯಾಂಡಲ್ ಮೇಲೆ ಬಿದ್ದ. ಎದೆಗೆ ಪೆಟ್ಟು, ರೊಟ್ಟಿ ಮಣ್ಣುಪಾಲು. ಮಿಸ್ತ್ರಿ ಅವನನ್ನು ಕೂರಿಸಿಕೊಂಡು ತೋರಿಸಿಕೊಟ್ಟ: ಎರಡನೇ ಗೇರಿಗೆ ಇಟ್ಟು ಬಲಗಡೆಯ ನಟ್ಟಿನ ಕಿಂಡಿಯಲ್ಲಿ ನೋಡಬೇಕು, ಒಳಗಿನ ಸರಳಿನ ಭುಜ ಅಚ್ಚಿನ ತುದಿಗೆ ಸಮನಾಗಿರಬೇಕು. ಈಗ ಅವನು ದಿನಾ ಬೆಳಗ್ಗೆ ಬ್ಯಾಟರಿ ಹಿಡಿದು ಅದನ್ನು ನೋಡಿಯೇ ಹೊರಡುತ್ತಾನೆ. ಹೊಸ ತೈವಾನ್ ಹಬ್ಬುಗಳಲ್ಲಿ ಈ ಖಾಲಿ ಜಾಗವನ್ನು ತೆಗೆದಿದ್ದಾರೆ.

ಎರಡು ಮಳೆಗಾಲ ಕಳೆದವು. ಮೊಳಕಾಲು ಪೂರ್ತಿ ವಾಸಿಯಾಗಿಲ್ಲ, ಆದರೆ ಪಾಳಿ ಅವನದೇ. "ಸಾವಕಾರ್ರ, ಏರಿನ್ಯಾಗ ದೂಡೂದು ತಪ್ಪಿತು, ಉಳದ ಹುಡುಗರೂ ಕೇಳಾಕತ್ಯಾರ," ಎಂದು ಮೊನ್ನೆ ಹೇಳಿದ.

ಹುಬ್ಬಳ್ಳಿಯ ಬಂಧುಗಳಿಗೆ ನಮ್ಮ ಉತ್ತರ: ಮೂರು ಗೇರಿನದಾದರೆ ಕೊಡಿ. ಮಳೆಯಲ್ಲೂ ದಿನಾ ಓಡಿಸುತ್ತಾನಾದರೆ ಗೇರಿನ ಜೊತೆಗೇ ಡ್ರಮ್ ಬ್ರೇಕು ಇರುವ ಹಬ್ಬೂ ಬರುತ್ತದೆ, ಅದನ್ನು ವಿಚಾರಿಸಲಿ. ಕೊಡುವ ಮೊದಲು ಮಗನನ್ನು ಎರಡು ಮಾತು ಕೇಳಿ. ಹಬ್ಬಿಗೂ ರಿಮ್ಮಿಗೂ ತೂತಿನ ಲೆಕ್ಕ ಸರಿಹೊಂದುತ್ತದೆಯೇ? ಕೆಟ್ಟರೆ ಹುಬ್ಬಳ್ಳಿಯಲ್ಲಿ ಬಿಚ್ಚಿ ಜೋಡಿಸುವವರು ಯಾರು? ಎರಡನೆಯದಕ್ಕೆ ಅವನೇ ಕಲಿಯುತ್ತೇನೆಂದರೆ ಇನ್ನೂ ಒಳ್ಳೆಯದು. ನಮ್ಮ ಮಿಸ್ತ್ರಿಗೆ ಕಣ್ಣು ಮಂಜಾಗುತ್ತಿದೆ. ಇಬ್ಬರು ಇಂಜಿನಿಯರ್ ಹುಡುಗರು ಭಾನುವಾರ ಸಂಜೆ ಅವನ ಬಳಿ ಕೂತು ಗಾಲಿ ಹೆಣೆಯುವುದನ್ನು ಕಲಿಯುತ್ತಿದ್ದಾರೆ. ನಾಲ್ಕನೇ ಗಾಲಿ ಈಗಷ್ಟೇ ನೆಟ್ಟಗಾಗಿದೆ. ಇನ್ನಿಬ್ಬರು ಪೊದೇರರಿಗೆ ಹಳೆಯ 40 ತೂತಿನ ಹಬ್ಬು ಸಿಗಲಿಲ್ಲ, ಅದಕ್ಕೆ 36 ತೂತಿನ ಹೊಸ ಹಬ್ಬು ತರಿಸಿದ್ದೇವೆ. ಆ ಅಳತೆಯ ಉಕ್ಕಿನ ರಿಮ್ಮಿಗೆ ಲೂಧಿಯಾನಕ್ಕೆ ಬರೆದಿದ್ದೇವೆ, ಮಾಲು ಇನ್ನೂ ಬಂದಿಲ್ಲ.